ಮೋಡವಿಲ್ಲದ ಚಿತ್ರ

ಹೊಳೆದಂಡೆಯ ಆ ಆಶ್ರಮದ ಗುರುಗಳು ಹಿಂದೆ ಪುಟ್ಟ ಉಪಗ್ರಹಗಳನ್ನು ಕಟ್ಟುತ್ತಿದ್ದರು. ಈಗ ಬೇಲಿ ಕಟ್ಟುತ್ತಾರೆ. ಬೇಲಿ ಬಿದ್ದರೆ ಕೂತಲ್ಲಿಂದಲೇ ಕಾಣುತ್ತದೆ, ಅದೊಂದು ನೆಮ್ಮದಿ ಎನ್ನುತ್ತಾರೆ.

ಶಿಷ್ಯ ಭಾರ್ಗವ ಮಾತ್ರ ಉಪಗ್ರಹಗಳನ್ನು ಬಿಟ್ಟಿರಲಿಲ್ಲ. ಅವು ಕಳಿಸುವ ಚಿತ್ರಗಳನ್ನು ನೋಡಿ, ಎಲ್ಲಿ ನೆರೆ ಬಂದಿದೆ ಎಂದು ಹೇಳುವುದು ಅವನ ಕೆಲಸ. ರಜೆ ಹಾಕಿ ಆಶ್ರಮಕ್ಕೆ ಬಂದಾಗಲೂ ಲ್ಯಾಪ್‌ಟಾಪ್ ಜೊತೆಗೇ ಬರುತ್ತಿತ್ತು.

ಮಳೆ ಬಿಟ್ಟಿರಲಿಲ್ಲ. ದಂಡೆಯಿಂದಾಚೆ ಏನೂ ಕಾಣುತ್ತಿರಲಿಲ್ಲ.

ಗುರುಗಳು ಭುಜ ಒತ್ತಿಕೊಳ್ಳುತ್ತ ಹೇಳಿದರು, "ನಡುಗಡ್ಡೆಯಲ್ಲಿ ದುಂಡಮ್ಮ ಇದ್ದಾಳೆ, ಅವಳ ಮೇಕೆಗಳಿವೆ. ಹೋಗಿ ಕರೆತರಬೇಕಾ, ನೋಡಿ ಹೇಳು. ಹೋದ ವರ್ಷ ಸುಮ್ಮನೆ ಹೋಗಿ ಬೈಸಿಕೊಂಡು ಬಂದೆ. ಹುಟ್ಟು ಹಾಕಿದ್ದನ್ನು ಈ ಭುಜ ಇನ್ನೂ ಮರೆತಿಲ್ಲ."

ಭಾರ್ಗವ ಲ್ಯಾಪ್‌ಟಾಪ್ ತೆರೆದ.

"ಬೇಡ ಗುರುಗಳೇ. ನಡುಗಡ್ಡೆ ಒಣಗಿಯೇ ಇದೆ. ಗುಡಿಸಲೂ ಕಾಣ್ತಿದೆ."

"ಯಾವತ್ತಿನ ಚಿತ್ರ?"

"ಮೊನ್ನೆಯದು."

"ನಿನ್ನೆಯದು?"

"ಬಂದಿತ್ತು. ಪೂರ್ತಿ ಮೋಡ. ಅಂಥದ್ದನ್ನ ಸಾಫ್ಟ್‌ವೇರ್ ತಾನೇ ತೆಗೆದುಹಾಕುತ್ತೆ. ಕೊನೆಯ ಸ್ಪಷ್ಟ ಚಿತ್ರ ಮಾತ್ರ ಉಳಿಸುತ್ತೆ."

"ಇವತ್ತಿನದು?"

"ಅದೂ ಹಾಗೇ. ಏನೂ ಕಾಣಲಿಲ್ಲ."

"ಮೋಡ ಕಂಡಿತಲ್ಲ."

ಭಾರ್ಗವ ಲ್ಯಾಪ್‌ಟಾಪ್ ಮುಚ್ಚಿದ.

ಗುರುಗಳು ನಿಟ್ಟುಸಿರು ಬಿಟ್ಟು ಎದ್ದರು. ಹರಿಗೋಲನ್ನು ನೀರಿಗೆ ತಳ್ಳಿ, ಹುಟ್ಟನ್ನು ಶಿಷ್ಯನ ಕೈಗೆ ಕೊಟ್ಟರು.

ನಡುಗಡ್ಡೆಯಲ್ಲಿ ದುಂಡಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಹೆಗಲ ಮೇಲೊಂದು ಮರಿ. ಉಳಿದ ಮೇಕೆಗಳು ಗುಡಿಸಲ ಹಿಂದಿನ ದಿಬ್ಬದ ಮೇಲೆ ಒತ್ತಿಕೊಂಡು ನಿಂತಿದ್ದವು.

"ಬಂದ್ರಾ ಸ್ವಾಮಿ? ಹೋದ ವರ್ಷ ನೀರು ಏರದಿದ್ದಾಗ ಎಷ್ಟು ಬೇಗ ಬಂದಿದ್ರಿ."

"ಅಮ್ಮ, ಮೊನ್ನೆ ಇಲ್ಲಿ ನೀರೇ ಇರಲಿಲ್ಲ," ಎಂದ ಭಾರ್ಗವ.

"ಮೊನ್ನೆ ಇಲ್ಲಿ ಕಸ ಗುಡಿಸಿದವಳು ನಾನೇ ಕಣಪ್ಪ. ಮರಿ ಹಿಡ್ಕೋ."

ಮೇಕೆಗಳಿಗಾಗಿ ಮತ್ತೊಮ್ಮೆ ಹೋಗಬೇಕಾಯಿತು. ಹೊತ್ತು ಮುಳುಗುವಷ್ಟರಲ್ಲಿ ದಿಬ್ಬವೂ ಮುಳುಗಿತು.

ಮಳೆ ನಿಂತ ಬೆಳಿಗ್ಗೆ ಆಶ್ರಮದ ಜಗಲಿ ತುಂಬ ಮೇಕೆಗಳು. ದುಂಡಮ್ಮ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಭಾರ್ಗವ ಲ್ಯಾಪ್‌ಟಾಪನ್ನು ಗುರುಗಳ ಕಡೆ ತಿರುಗಿಸಿದ. ಚಿತ್ರದಲ್ಲಿ ಎಲ್ಲೂ ಮೋಡವಿರಲಿಲ್ಲ. ನಡುಗಡ್ಡೆಯೂ ಇರಲಿಲ್ಲ.

"ನೋಡಿ ಗುರುಗಳೇ, ಎಷ್ಟು ಚೆನ್ನಾಗಿ ಕಾಣ್ತಿದೆ."

ಗುರುಗಳು ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದರು.

"ಮುಗಿದದ್ದು ಯಾವಾಗಲೂ ಚೆನ್ನಾಗಿಯೇ ಕಾಣುತ್ತೆ. ಸದ್ಯಕ್ಕೆ ಆ ಮೇಕೆ ನಿನ್ನ ಚಾರ್ಜರಿನ ವೈರು ತಿನ್ನುತ್ತಿದೆ, ನೋಡು."