ಸುಂಕ ಬೀಳದ ಕಟ್ಟೆ

ಒಂದು ಗುರುಕುಲದಲ್ಲಿ ಕಿರಿಯ ಹುಡುಗರಿಗೆ ಕಲಿಸಲು ಒಬ್ಬ ಹಿರಿಯ ಶಿಷ್ಯನಿದ್ದ. ಅವನು ಬಹಳ ಚೆನ್ನಾಗಿ ಪಾಠ ಹೇಳುತ್ತಾನೆಂದು ಅಲ್ಲಿ ಎಲ್ಲರೂ ನಂಬಿದ್ದರು. ಅವನ ತರಗತಿಯಲ್ಲಿ ಯಾರೂ ಸಂದೇಹ ಕೇಳುತ್ತಿರಲಿಲ್ಲ, ಅದೇ ಸಾಕ್ಷಿ. ಅವನೂ ಅದನ್ನೇ ನಂಬಿದ್ದ. ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಕುಳಿತು ಕೇಳಿದ:

"ಗುರುಗಳೇ, ಸಂದೇಹವಿದ್ದರೆ ಕೇಳಬಹುದೆಂದು ಹುಡುಗರಿಗೆ ಹೇಳಿದ್ದೇನೆ. ಕೇಳುವವನು ಮೊದಲು ಅಂದಿನ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಬೇಕು, ಅಷ್ಟೆ. ವರ್ಷವಾಯಿತು, ಒಬ್ಬನೂ ಕೇಳಿಲ್ಲ. ಎಲ್ಲರಿಗೂ ಅರ್ಥವಾಗುತ್ತಿದೆ ಎಂದುಕೊಳ್ಳಬಹುದಲ್ಲವೇ?"

"ಒಂದು ಅಕ್ಕಿಯ ಕತೆ ಇದೆ, ಕೇಳು" ಎಂದರು ಗುರುಗಳು.

ಒಂದು ರಾಜ್ಯದಲ್ಲಿ ಉಂಡು ಮಿಗುವಷ್ಟು ಅಕ್ಕಿ ಬೆಳೆಯುತ್ತಿತ್ತು. ಮಿಕ್ಕಿದ್ದನ್ನು ಹೊರಗೆ ಮಾರಬೇಕು. ದಕ್ಷಿಣಕ್ಕೆ ಒಂದು ದೇಶ, ಉತ್ತರಕ್ಕೆ ಒಂದು ದೇಶ. ಎರಡರ ಗಡಿಯಲ್ಲೂ ಸುಂಕದ ಕಟ್ಟೆ ಇತ್ತು. ಯಾರ ಬಾಗಿಲು ಎಷ್ಟು ತೆರೆದಿದೆ ಎಂದು ಅಳೆದು ಹೇಳಲು ರಾಜ ಒಬ್ಬ ಪಂಡಿತನನ್ನು ನೇಮಿಸಿದ.

ಪಂಡಿತ ಓದಿಕೊಂಡವನು. ಬಿಸಿಲಿನಲ್ಲಿ ಗಡಿಯವರೆಗೆ ಹೋಗುವ ಅಗತ್ಯ ಅವನಿಗೆ ಕಾಣಲಿಲ್ಲ. ತಮ್ಮ ರಾಜ್ಯದ ಅಕ್ಕಿಯ ಮೇಲೆ ಯಾವ ಕಟ್ಟೆಯಲ್ಲಿ ಎಷ್ಟು ಸುಂಕ ವಸೂಲಾಗಿದೆ ಎಂದು ವಿಚಾರಿಸಿ ತರಿಸಿಕೊಂಡ. ದಕ್ಷಿಣದಲ್ಲಿ ಬಹಳ ವಸೂಲಾಗಿತ್ತು. ಉತ್ತರದಲ್ಲಿ ಏನೂ ಇಲ್ಲ. ದಕ್ಷಿಣದವರು ಬಾಗಿಲನ್ನು ಅರ್ಧ ಮುಚ್ಚಿದ್ದಾರೆ, ಉತ್ತರದವರು ಪೂರ್ತಿ ತೆರೆದಿಟ್ಟಿದ್ದಾರೆ ಎಂದು ಸಭೆಯಲ್ಲಿ ಹೇಳಿದ. ಅವನು ಲೆಕ್ಕ ಕೂಡಿದ್ದರಲ್ಲಿ ತಪ್ಪಿರಲಿಲ್ಲ. ರಾಜ ಶಾಲು ಹೊದಿಸಿದ.

ಸಭೆಯಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ಅವನು ಪ್ರತಿವರ್ಷ ದಕ್ಷಿಣಕ್ಕೆ ಅಕ್ಕಿ ಒಯ್ಯುತ್ತಿದ್ದ. ಸುಂಕದವರನ್ನು ಬೈಯುತ್ತಿದ್ದ, ಸುಂಕ ಕಟ್ಟುತ್ತಿದ್ದ, ಅಕ್ಕಿ ಮಾರಿ ಬಂದು ಮನೆಯ ಮೇಲೆ ಮಹಡಿ ಕಟ್ಟಿಸುತ್ತಿದ್ದ. ಪಂಡಿತನ ಮಾತು ಕೇಳಿದ ಮೇಲೆ, ಇಷ್ಟು ವರ್ಷ ಮೋಸಹೋದೆ ಅನ್ನಿಸಿತು ಅವನಿಗೆ. ಆ ಸಲ ಇದ್ದ ಅಕ್ಕಿಯನ್ನೆಲ್ಲ ಗಾಡಿಗಳಿಗೆ ಹೇರಿ ಉತ್ತರಕ್ಕೆ ಹೊರಟ. ಮಳೆ ಹಿಡಿಯುವುದರೊಳಗೆ ಮಾರಿ ಮುಗಿಸಬೇಕಿತ್ತು. ಮೂಟೆ ನೆನೆದರೆ ಅಕ್ಕಿ ಮುಗ್ಗುತ್ತದೆ, ಅದರ ಜೊತೆಗೆ ಅವನ ವ್ಯಾಪಾರವೂ ಮುಗಿಯುತ್ತದೆ.

ಉತ್ತರದ ದಾರಿ ಬಹಳ ಚೆನ್ನಾಗಿತ್ತು. ಒಂದು ಗಾಲಿಯ ಗುರುತೂ ಇರಲಿಲ್ಲ. ವ್ಯಾಪಾರಿ ಅದನ್ನೂ ಶುಭವೆಂದೇ ತಿಳಿದ.

ಕಟ್ಟೆಯಲ್ಲಿ ಸುಂಕದವನು ಜಗಲಿಯ ಮೇಲೆ ಮಲಗಿದ್ದ. ಗಾಡಿಗಳ ಸದ್ದಿಗೆ ಎದ್ದು ಮುಖ ತೊಳೆದುಕೊಂಡು ಮಜ್ಜಿಗೆ ತಂದುಕೊಟ್ಟ.

"ಬನ್ನಿ ಸ್ವಾಮಿ, ಕೂತುಕೊಳ್ಳಿ. ಅಂತೂ ಮಾತಾಡಿಸಲು ಒಂದು ಜೀವ ಸಿಕ್ಕಿತು."

"ಇಲ್ಲಿ ಸುಂಕ ಇಲ್ಲವಂತೆ" ಎಂದ ವ್ಯಾಪಾರಿ.

"ಇದೆಯಲ್ಲ. ಒಂದು ಮೂಟೆಗೆ ಎರಡು ಮೂಟೆ."

"ಹತ್ತು ಮೂಟೆ ತಂದವನು ಇಪ್ಪತ್ತು ಮೂಟೆ ಕೊಡಬೇಕೇ?"

"ಪರವಾಗಿಲ್ಲ, ಮಗ್ಗಿ ಬರುತ್ತದೆ ನಿಮಗೆ. ನಮ್ಮ ರೈತರ ಅಕ್ಕಿಗೆ ಹೊರಗಿನವರ ಪೈಪೋಟಿ ಬೇಡವೆಂದು ನಮ್ಮ ರಾಜರು ಮಾಡಿದ ನಿಯಮ."

"ಇದುವರೆಗೆ ಯಾರಾದರೂ ಕೊಟ್ಟಿದ್ದಾರೆಯೇ?"

"ಅಷ್ಟು ದಡ್ಡರು ಇನ್ನೂ ಬಂದಿಲ್ಲ" ಎಂದು ಸುಂಕದವನು ಗಾಡಿಗಳ ಕಡೆ ಆಸೆಯಿಂದ ನೋಡಿದ.

ವ್ಯಾಪಾರಿ ಮಜ್ಜಿಗೆ ಕುಡಿದು ಗಾಡಿಗಳನ್ನು ತಿರುಗಿಸಿದ. ಎಲ್ಲೂ ಹೆಚ್ಚು ನಿಲ್ಲದೆ ಎತ್ತುಗಳನ್ನು ಹೊಡೆದುಕೊಂಡು ದಕ್ಷಿಣದ ಕಟ್ಟೆ ಮುಟ್ಟುವಾಗ ಮೋಡ ಕಟ್ಟಿತ್ತು. ಆ ಸಲ ಅವನು ಸುಂಕದವರನ್ನು ಬೈಯಲಿಲ್ಲ. ಮೈ ಹುಷಾರಿಲ್ಲವೇ ಎಂದು ಅವರೇ ವಿಚಾರಿಸಿದರು. ಕೊನೆಯ ಮೂಟೆ ಮಾರಿದ ಮರುದಿನ ಮಳೆ ಬಂತು.

ಊರಿಗೆ ಮರಳಿದವನು ನೇರವಾಗಿ ಪಂಡಿತನ ಮನೆಗೆ ಹೋದ.

"ಉತ್ತರದ ಕಟ್ಟೆಯನ್ನು ಯಾರೂ ದಾಟುವುದೇ ಇಲ್ಲ ಸ್ವಾಮಿ. ಇನ್ನು ಸುಂಕ ಬೀಳುವುದು ಎಲ್ಲಿಂದ?"

"ಹಾಗಾದರೆ ಅಲ್ಲಿ ಸುಂಕ ಕಟ್ಟಿ ಕಷ್ಟಪಟ್ಟವರು ಒಬ್ಬರೂ ಇಲ್ಲ" ಎಂದ ಪಂಡಿತ. "ನಾನು ಹೇಳಿದ್ದೂ ಅದನ್ನೇ."

ಆ ವರ್ಷದ ಅಳತೆಯಲ್ಲೂ ಉತ್ತರದ ಬಾಗಿಲೇ ಪೂರ್ತಿ ತೆರೆದಿತ್ತು. ದಕ್ಷಿಣದ್ದು ಇನ್ನಷ್ಟು ಮುಚ್ಚಿಕೊಂಡಿದೆ ಎಂದು ಪಂಡಿತ ಚಿಂತೆ ವ್ಯಕ್ತಪಡಿಸಿದ. ಅಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಮಾರಾಟವಾಗಿತ್ತು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಂಥ ಪಂಡಿತರೂ ಇರುತ್ತಾರೆಯೇ ಗುರುಗಳೇ? ಸುಂಕ ಎಷ್ಟು ಬಿತ್ತು ಎಂದು ಕೇಳಿದವನಿಗೆ, ಗಾಡಿ ಎಷ್ಟು ದಾಟಿದವು ಎಂದು ಕೇಳಲು ಹೊಳೆಯಲಿಲ್ಲವಲ್ಲ."

ಗುರುಗಳೂ ನಕ್ಕರು. ಅವನ ನಗು ಮುಗಿಯುವವರೆಗೆ ಕಾದು ಹೇಳಿದರು:

"ನಿನ್ನ ತರಗತಿಯ ಹುಡುಗರೆಲ್ಲ ದಿನಾ ಸಂಜೆ ತಮ್ಮ ಸಂದೇಹಗಳನ್ನು ನನ್ನ ಹತ್ತಿರ ಬಂದು ಕೇಳುತ್ತಾರೆ."