ಕಲ್ಲುಗುಡ್ಡದ ಪೂಜೆ ಕಂಬ

ಒಂದು ಕಾಡಿನಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚಾಗಿದ್ದ ಒಂದು ಗುಡ್ಡವಿತ್ತು. ಹಿಂದೊಮ್ಮೆ ಮನುಷ್ಯರು ಅಲ್ಲಿ ಮನೆ ಕಟ್ಟಲು ಬಂದಿದ್ದರು. ಜಾಗ ಅಳೆದರು, ಸುಣ್ಣದಲ್ಲಿ ಗೆರೆ ಎಳೆದರು, ಹಾರೆ ಹಾಕಿದರು. ಹಾರೆ ಬಾಗಿತು. ಒಂದು ರಾಶಿ ಕಬ್ಬಿಣದ ಕಂಬ, ನಾಲ್ಕು ಸುರುಳಿ ತಂತಿಜಾಲರಿ ಅಲ್ಲೇ ಬಿಟ್ಟು ಹೋದರು. ಮತ್ತೆ ಬರಲಿಲ್ಲ.

ಆ ಗುಡ್ಡದ ಮೇಲೆ, ಒಂದು ಲಂಟಾನ ಪೊದೆಯ ಬುಡದಲ್ಲಿ, ಚುಕ್ಕವ್ವ ಎಂಬ ಕಾಡುಕೋಳಿ ಎಂಟು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಹೋದ ವರ್ಷದ ಮರಿಗಳಲ್ಲಿ ಒಂದೂ ಉಳಿದಿರಲಿಲ್ಲ. ಯಾರು ತಿಂದರೆಂದು ಅವಳು ಕಣ್ಣಾರೆ ಕಂಡಿರಲಿಲ್ಲ. ಕಾಡುಬೆಕ್ಕು ತಿಂದಿತು ಎಂದು ನರಿ ಹೇಳಿತ್ತು. ನರಿ ತಿಂದಿತು ಎಂದು ಕಾಡುಬೆಕ್ಕು ಹೇಳಿತ್ತು. ಚುಕ್ಕವ್ವ ಇಬ್ಬರನ್ನೂ ನಂಬಿದಳು. ಅಂದಿನಿಂದ ಎಲೆ ಅಲುಗಿದರೂ ಅವಳಿಗೆ ಅನುಮಾನ, ಅಲುಗದಿದ್ದರೂ ಅನುಮಾನ.

ಒಂದು ಬೆಳಿಗ್ಗೆ ಅದೇ ನರಿ, ನಾಜೂಕಣ್ಣ, ಗುಡ್ಡ ಹತ್ತಿ ಬಂದ. ಒಣಗಿದ ಎಲೆಯ ಮೇಲೆ ನಡೆದರೂ ಸದ್ದಾಗದಂಥ ನಡಿಗೆ ಅವನದು.

"ಏನು ತಂಗಿ, ಚೆನ್ನಾಗಿದ್ದೀಯಾ?" ಎಂದ.

"ನೀನು ಬರುವವರೆಗೂ ಚೆನ್ನಾಗಿದ್ದೆ," ಎಂದಳು ಚುಕ್ಕವ್ವ.

"ಹೋದ ವರ್ಷದ ಸಂಗತಿ ನೆನೆದರೆ ನನಗೆ ಈಗಲೂ ಊಟ ಸೇರುವುದಿಲ್ಲ."

"ಆಗ ಸೇರಿತ್ತಲ್ಲ."

ನಾಜೂಕಣ್ಣ ನೊಂದವನ ಹಾಗೆ ಮುಖ ಮಾಡಿದ. ಆ ಮುಖ ಅವನಿಗೆ ಚೆನ್ನಾಗಿ ರೂಢಿಯಾಗಿತ್ತು. "ಏನಾದರೂ ಅನ್ನು. ಆ ಕಂಬ, ಜಾಲರಿ ಸುಮ್ಮನೆ ತುಕ್ಕು ಹಿಡಿಯುತ್ತಿವೆ. ನಿನ್ನ ಗೂಡಿನ ಸುತ್ತ ಬೇಲಿ ಹಾಕಿಕೊಡುತ್ತೇನೆ. ಕಾಡುಬೆಕ್ಕು ಹೊರಗೆ, ನಿನ್ನ ಮರಿಗಳು ಒಳಗೆ."

"ನಿನಗೇನು ಕೊಡಬೇಕು?"

"ಏನೂ ಬೇಡ."

"ಏನೂ ಬೇಡದವರು ಇಷ್ಟು ಎತ್ತರ ಹತ್ತಿ ಬರುವುದಿಲ್ಲ."

"ಕಾಡುಬೆಕ್ಕಿನ ಹೊಟ್ಟೆ ಉರಿಯಬೇಕು. ಅಷ್ಟು ಸಾಕು ನನಗೆ. ಅಂದ ಹಾಗೆ, ಮರಿಗಳು ಯಾವಾಗ ಹೊರಬರುತ್ತವೆ?"

"ಯಾಕೆ?"

"ಅಷ್ಟರೊಳಗೆ ಕೆಲಸ ಮುಗಿಸಬೇಡವಾ?"

ಉತ್ತರ ಸರಿಯಾಗಿಯೇ ಇತ್ತು. ನರಿಯ ಬಾಯಿಂದ ಸರಿಯಾದ ಉತ್ತರ ಬಂದಿದ್ದೇ ಅವಳಿಗೆ ಇನ್ನೊಂದು ಅನುಮಾನವಾಯಿತು. ಆದರೆ ಕಾಡುಬೆಕ್ಕು ಇದ್ದದ್ದೂ ನಿಜ. ಎಂಟು ಮೊಟ್ಟೆಗಳು ಇದ್ದದ್ದೂ ನಿಜ.

"ಒಂಬತ್ತು ದಿನ," ಎಂದಳು. "ಆದರೆ ಒಂದೊಂದು ಕಂಬಕ್ಕೂ ಮೂತಪ್ಪ ಮಾವ ಬೆನ್ನು ತಿಕ್ಕಬೇಕು."

ಮೂತಪ್ಪ ಆ ಕಾಡಿನ ಮುದಿ ಹಂದಿ. ಅಲ್ಲಿ ಯಾರು ಏನು ನೆಟ್ಟರೂ ಅವನು ಬಂದು ಅದಕ್ಕೆ ಬೆನ್ನು ತಿಕ್ಕುವುದು ಪದ್ಧತಿ. ನಿಂತರೆ ಕೆಲಸ ಸರಿ, ಬಿದ್ದರೆ ಮತ್ತೆ ನೆಡಬೇಕು. ಈ ಪದ್ಧತಿಯ ಹಿಂದೆ ಯಾವ ಶಾಸ್ತ್ರವೂ ಇರಲಿಲ್ಲ. ಮೂತಪ್ಪನ ತೂಕ ಇತ್ತು.

"ಧಾರಾಳವಾಗಿ ತಿಕ್ಕಲಿ," ಎಂದ ನಾಜೂಕಣ್ಣ.

ಮರುದಿನ ಅವನು ಎರಡು ಹೆಗ್ಗಣಗಳನ್ನು ಕರೆತಂದ. ಹೆಗ್ಗಣಗಳು ನೆಲ ಕೆರೆದು ನೋಡಿದವು. ಬೆರಳುದ್ದ ಮಣ್ಣು, ಅದರ ಕೆಳಗೆ ಬಂಡೆ.

"ಇಲ್ಲಿ ಗುಂಡಿ ತೋಡುವ ಮಾತೇ ಇಲ್ಲ," ಎಂದಿತು ಒಂದು ಹೆಗ್ಗಣ. "ಹಲ್ಲು ಉಳಿಯುವುದಿಲ್ಲ."

"ಗುಂಡಿ ಯಾರಿಗೆ ಬೇಕು? ಬಿರುಕು ಹುಡುಕಿ," ಎಂದ ನಾಜೂಕಣ್ಣ.

ಕೆಲಸ ಅವನಿಗೆ ಗೊತ್ತಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಬಂಡೆಯ ಬಿರುಕಿನೊಳಗೆ ಕಂಬ ಇಳಿಸಿದರು. ಸುತ್ತಲೂ ಚಕ್ಕೆಕಲ್ಲು ಜಡಿದು ಬಿಗಿ ಮಾಡಿದರು. ಹುತ್ತದ ಮಣ್ಣನ್ನು ನೀರಲ್ಲಿ ಕಲಸಿ ಸಂದುಗಳಿಗೆ ಮೆತ್ತಿದರು. ಎರಡು ಬಿಸಿಲಿಗೆ ಅದು ಕಲ್ಲಾಯಿತು. ಆಮೇಲೆ ಜಾಲರಿಯ ಸುರುಳಿ ಬಿಚ್ಚಿ, ಎಳೆದು, ಕಂಬದ ಕೊಕ್ಕೆಗಳಿಗೆ ಸಿಕ್ಕಿಸುತ್ತ ಹೋದರು.

ಚುಕ್ಕವ್ವ ಕಾವು ಬಿಟ್ಟೇಳದೆ ಎಲ್ಲವನ್ನೂ ನೋಡಿದಳು. ಎಲ್ಲವನ್ನೂ ಎಂದರೆ ನರಿಯ ಬಾಯನ್ನು. ಮೊದಲ ದಿನ ಅವನು ಏಳು ಸಲ ತುಟಿ ಸವರಿಕೊಂಡ. ಎರಡನೆಯ ದಿನ ಐದು ಸಲ. ಮೊಟ್ಟೆಗಳ ಕಡೆ ಎಷ್ಟು ಸಲ ನೋಡಿದ, ಹಲ್ಲು ಎಷ್ಟು ಕಾಣಿಸಿತು, ಬಾಲ ಯಾವ ಕಡೆ ಹೊರಳಿತು, ಎಲ್ಲ ಅವಳಿಗೆ ಬಾಯಿಪಾಠ. ಯಾವ ಕಂಬ ಎಷ್ಟು ಆಳಕ್ಕೆ ಇಳಿಯಿತು ಎಂದು ಕೇಳಿದ್ದರೆ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಗೂಡಿನ ಹಿಂದೆ ಒಂದು ದೊಡ್ಡ ಬಂಡೆ ಅಡ್ಡ ಬಂದಿತ್ತು. ಅಲ್ಲಿ ಬೇಲಿ ಒಳಕ್ಕೆ ಬಾಗಲೇಬೇಕು. ಬಾಗಿದಲ್ಲಿ ಒಂದು ಕಂಬ ನಿಲ್ಲಲೇಬೇಕು. ಮೂರನೆಯ ದಿನ ಚುಕ್ಕವ್ವ ನೀರು ಕುಡಿದು ಬರುವಷ್ಟರಲ್ಲಿ ಆ ಕಂಬ ನಿಂತಾಗಿತ್ತು. ಅದಕ್ಕೆ ಕೆಮ್ಮಣ್ಣು ಬಳಿದಿತ್ತು. ತಂಗಡಿ ಹೂವು ಸುತ್ತಿತ್ತು. ತೆಂಗಿನಕಾಯಿ ಸಿಗದೆ ಬೇಲದ ಕಾಯಿ ಒಡೆದಿಟ್ಟಿತ್ತು.

"ಇದೇನು?" ಎಂದಳು.

"ಪೂಜೆ ಕಂಬ. ಮೊದಲ ದಿನವೇ ಮಾಡಬೇಕಿತ್ತು, ಮರೆತುಬಿಟ್ಟೆ," ಎಂದ ನಾಜೂಕಣ್ಣ ಕಣ್ಣು ಮುಚ್ಚಿಕೊಂಡು. "ಹನ್ನೊಂದು ದಿನ ಪೂಜೆ ಮಾಡಿದವನ ಹೊರತು ಇದನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮೊಟ್ಟೆಗಳು ಕೊಳೆಯುತ್ತವೆ. ನನ್ನ ಮಾತಲ್ಲ, ಹಿರಿಯರ ಮಾತು."

ಯಾವ ಹಿರಿಯರು ಎಂದು ಯಾರೂ ಕೇಳಲಿಲ್ಲ.

ನಾಲ್ಕನೆಯ ದಿನ ಮೂತಪ್ಪ ಕೆಸರಿನಿಂದೆದ್ದು ಬಂದ. ಹನ್ನೊಂದು ಕಂಬಗಳಿಗೆ ಬೆನ್ನು ತಿಕ್ಕಿದ. ಗುಡ್ಡವೇ ನಡುಗಿದಂತಾಯಿತು, ಕಂಬಗಳು ಅಲುಗಲಿಲ್ಲ. ಹನ್ನೆರಡನೆಯದರ ಮುಂದೆ ನಿಂತು ತಲೆ ಬಾಗಿಸಿದ.

"ಇದಕ್ಕೆ ಆಗುವುದಿಲ್ಲ ಚುಕ್ಕವ್ವ. ನನ್ನ ಮೈಯೆಲ್ಲ ಕೆಸರು."

"ನಾಜೂಕಣ್ಣ ನೆಟ್ಟದ್ದು ಮಾವ."

"ನೆಟ್ಟವನು ಯಾರೇ ಆಗಲಿ, ಹೂವು ಹೂವೇ ಅಲ್ಲವಾ?"

ನರಿಯ ಹಲ್ಲು, ಉಗುರು, ನಗು, ಔದಾರ್ಯ ಎಲ್ಲದರ ಮೇಲೂ ಚುಕ್ಕವ್ವನಿಗೆ ಅನುಮಾನವಿತ್ತು. ಹೂವಿನ ಮೇಲೂ ಅನುಮಾನಪಡಬಹುದು ಎಂದು ಹೊಳೆಯಲಿಲ್ಲ. ಅಲ್ಲದೆ ಎಂಟು ಮೊಟ್ಟೆಗಳನ್ನು ಹೊಟ್ಟೆಯಡಿ ಇಟ್ಟುಕೊಂಡು ಹಿರಿಯರ ಮಾತನ್ನು ಪರೀಕ್ಷಿಸುವ ಧೈರ್ಯ ಯಾರಿಗಿರುತ್ತದೆ?

ಹೇಳಿದ ದಿನಕ್ಕೆ ಸರಿಯಾಗಿ ಎಂಟೂ ಮರಿಗಳು ಹೊರಬಂದವು.

ನಾಜೂಕಣ್ಣ ದಿನವೂ ಮಧ್ಯಾಹ್ನ ಬೇಲಿಯ ಹೊರಗೆ ಬಂದು ಪೂಜೆ ಕಂಬದ ಹೂವು ಬದಲಿಸುತ್ತಿದ್ದ. ಆ ಹೊತ್ತಿನಲ್ಲಿ ಮೂತಪ್ಪ ಕೆಸರಿನಲ್ಲಿ ಗೊರಕೆ ಹೊಡೆಯುತ್ತಿರುತ್ತಿದ್ದ. "ಎಂಟೂ ಇವೆಯಲ್ಲ ತಂಗಿ," ಎಂದ ಒಂದು ದಿನ. "ಸ್ವಲ್ಪ ಮೈಕೈ ತುಂಬಿಕೊಂಡಿವೆ," ಎಂದ ಮರುದಿನ.

ಅದೇ ದಿನ ಸಂಜೆ ಮೇಲೊಂದು ಗಿಡುಗ ಸುತ್ತಿತು. ಅದರ ನೆರಳು ಕಂಡು ಮರಿಗಳು ದಿಕ್ಕಿಗೊಂದು ಓಡಿದವು. ಓಡಿದವೆಲ್ಲ ಜಾಲರಿಗೆ ಡಿಕ್ಕಿ ಹೊಡೆದು ವಾಪಸು ಬಂದವು. ಒಂದು ಮರಿ ಮೂರು ಸಲ ಡಿಕ್ಕಿ ಹೊಡೆಯಿತು. ಬೇಲಿಯಾಚೆ ನಾಲ್ಕು ಹೆಜ್ಜೆ ದೂರದಲ್ಲಿ ಕಲ್ಲಿನ ಸಂದುಗಳಿದ್ದವು, ಬಚ್ಚಿಟ್ಟುಕೊಳ್ಳಲು ಬೇಕಾದಷ್ಟು ಜಾಗವಿತ್ತು. ಅಲ್ಲಿಗೆ ಹೋಗಲು ದಾರಿ ಇರಲಿಲ್ಲ.

ಗಿಡುಗ ಹೋಯಿತು. ಬೇಲಿ ಯಾರನ್ನು ಹೊರಗಿಡುತ್ತದೆ ಎಂದಷ್ಟೇ ಚುಕ್ಕವ್ವ ಯೋಚಿಸಿದ್ದಳು. ಯಾರನ್ನು ಒಳಗಿಡುತ್ತದೆ ಎಂದು ಯೋಚಿಸಿರಲಿಲ್ಲ. ಅವಳು ಹಾರಿ ಆಚೆ ಹೋಗಬಲ್ಲಳು. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿರಲಿಲ್ಲ. ಇದು ಬೇಲಿಯಲ್ಲ, ಬುಟ್ಟಿ. ಹಾಗಾದರೆ ಬುಟ್ಟಿಗೆ ಎಲ್ಲೋ ಒಂದು ಬಾಯಿ ಇರಲೇಬೇಕು.

ಅವಳು ಕೋಳಿ. ಕೆರೆಯುವುದು ಅವಳಿಗೆ ಬರುತ್ತದೆ. ಮೊದಲ ಕಂಬದ ಬುಡ ಕೆರೆದಳು, ಉಗುರು ನೊಂದಿತು. ಎರಡನೆಯದೂ ಹಾಗೆಯೇ. ಹನ್ನೊಂದೂ ಗಟ್ಟಿ. ಹನ್ನೆರಡನೆಯದರ ಮುಂದೆ ಬಂದಾಗ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಮುಟ್ಟಿದರೆ ಮೊಟ್ಟೆಗಳು ಕೊಳೆಯುತ್ತವೆ ಎಂದಿದ್ದ. ಅವಳು ತಿರುಗಿ ಗೂಡಿನ ಕಡೆ ನೋಡಿದಳು. ಅಲ್ಲಿ ಬರೀ ಚಿಪ್ಪುಗಳಿದ್ದವು. ಕೊಳೆಯಲು ಇನ್ನೇನು ಉಳಿದಿದೆ?

ಕೆರೆದಳು.

ಮಣ್ಣು ಹಿಟ್ಟಿನಂತೆ ಉದುರಿತು. ಒಳಗೆ ಒಣ ಎಲೆ ತುರುಕಿತ್ತು. ಬಿರುಕೂ ಇಲ್ಲ, ಚಕ್ಕೆಕಲ್ಲೂ ಇಲ್ಲ. ಕಂಬ ಸಪಾಟು ಬಂಡೆಯ ಮೇಲೆ ಸುಮ್ಮನೆ ನಿಂತಿತ್ತು. ಹೊರಗಡೆಯಿಂದ ಮೂರು ಗುಂಡುಕಲ್ಲುಗಳು ಒತ್ತಿಕೊಂಡಿದ್ದರಿಂದ ಬಿದ್ದಿರಲಿಲ್ಲ, ಅಷ್ಟೇ. ಎಡಕ್ಕೂ ಬಲಕ್ಕೂ ಜಾಲರಿ ಜೋಲುಬಿದ್ದಿತ್ತು. ಹೊರಗಿನಿಂದ ಕಲ್ಲು ಸರಿಸಿ, ಕಂಬವನ್ನು ಮೆಲ್ಲಗೆ ತನ್ನ ಕಡೆ ಒರಗಿಸಿಕೊಂಡರೆ, ನರಿಯೊಂದು ಆರಾಮಾಗಿ ದಾಟಿ ಒಳಗೆ ಬರಬಹುದು.

ಚುಕ್ಕವ್ವ ಕೂಗಾಡಲಿಲ್ಲ. ಮೂತಪ್ಪನನ್ನು ಕರೆತಂದು ತೋರಿಸಿ, ಬುಡಕ್ಕೆ ಮತ್ತೆ ಮಣ್ಣು ಸರಿಸಿದಳು.

"ಹೌದಲ್ಲ," ಎಂದ ಮೂತಪ್ಪ. "ಆದರೂ ಪೂಜೆ ಆಗಿರುವ ಕಂಬ. ನಾನು ಮುಟ್ಟಲಾರೆ."

"ಜಾಲರಿಗೆ ಪೂಜೆ ಆಗಿದೆಯಾ ಮಾವ?"

ಮೂತಪ್ಪ ಯೋಚಿಸಿದ. "ಜಾಲರಿಗೆ ಆಗಿಲ್ಲ."

"ಹಾಗಾದರೆ ಅದನ್ನು ಎಳೆ. ಆ ಕಲ್ಲುಗಳನ್ನು ಮುಟ್ಟಬೇಡ. ಅವುಗಳನ್ನು ಇಟ್ಟವನೇ ತೆಗೆಯಲಿ."

ಮೂತಪ್ಪ ಜಾಲರಿಯನ್ನು ಕೋರೆಗೆ ಸಿಕ್ಕಿಸಿ ಎಳೆದ. ಎಡಗಡೆ ಎಳೆದು ಗಟ್ಟಿ ಕಂಬದ ಕೊಕ್ಕೆಗೆ ಹಾಕಿದ. ಬಲಗಡೆಯೂ ಹಾಗೆಯೇ ಮಾಡಿದ. ಬೇಲಿ ಒಳಕ್ಕೆ ಬಾಗಿದ್ದ ಆ ಜಾಗದಲ್ಲಿ ಜಾಲರಿ ಈಗ ಎಳೆದು ಹಿಡಿದ ಬಿಲ್ಲಿನ ಹೆದೆಯಂತಿತ್ತು. ನೆಟ್ಟಗಾಗಲು, ಹೊರಕ್ಕೆ ಚಿಮ್ಮಲು ತುದಿಗಾಲಲ್ಲಿ ನಿಂತಿತ್ತು. ಅದನ್ನು ತಡೆದಿದ್ದು ಮೂರು ಕಲ್ಲುಗಳು ಮಾತ್ರ.

ಮರುದಿನ ಮಧ್ಯಾಹ್ನ ನಾಜೂಕಣ್ಣ ಬಂದ. ಬಾಯಲ್ಲಿ ಹೂವಿರಲಿಲ್ಲ. ಚುಕ್ಕವ್ವ ಮರಿಗಳನ್ನು ಪೊದೆಯೊಳಗೆ ಅಟ್ಟಿ, ಬಂಡೆಯ ಮೇಲೆ ಕೂತಿದ್ದಳು.

"ಇವತ್ತು ಹೂವಿಲ್ಲವಾ ಅಣ್ಣ?"

"ಇವತ್ತು ಬಾಡಿದ ಹೂವು ತೆಗೆಯುವ ದಿನ. ನೀನು ಮರಿಗಳ ಹತ್ತಿರ ಹೋಗು. ಒಂದೇ ಕಡೆ ಇರಿ, ಎಲ್ಲರಿಗೂ ಒಟ್ಟಿಗೆ ಆಶೀರ್ವಾದ ಮಾಡುತ್ತೇನೆ."

"ಇಲ್ಲಿಂದಲೇ ನೋಡುತ್ತೇನೆ. ನಿನ್ನ ಕೈಕೆಲಸ ನೋಡಿರಲಿಲ್ಲ ನಾನು. ಬರೀ ಬಾಯಿ ನೋಡಿದ್ದೆ."

ಆ ಮಾತು ನಾಜೂಕಣ್ಣನಿಗೆ ಸ್ವಲ್ಪ ಚುಚ್ಚಿತು. ಆದರೆ ಎಂಟು ಮರಿಗಳ ಚಿಲಿಪಿಲಿ ಕಿವಿಗೆ ಬೀಳುತ್ತಿತ್ತು. ಮೊದಲ ಕಲ್ಲು ಸರಿಸಿದ. ಎರಡನೆಯದು ಸರಿಸಿದ. ಜಾಲರಿ ಸಣ್ಣಗೆ ಗುಂಯ್ ಎಂದಿತು. ತಾನೇ ಸಡಿಲ ಬಿಟ್ಟ ಜಾಲರಿ ಸದ್ದು ಮಾಡುವುದೇಕೆ ಎಂದು ಅವನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಮೂರನೆಯ ಕಲ್ಲು ಸರಿಸಿದ.

ಕಂಬ ಅವನಿಗಾಗಿ ಮೆಲ್ಲಗೆ ಒರಗಲಿಲ್ಲ. ಹಾರಿ ಬಂದು ಬೆನ್ನಿಗೆ ಬಡಿಯಿತು. ಅದರ ಹಿಂದೆಯೇ ಜಾಲರಿ ಬಂದು ಮೇಲೆ ಬಿತ್ತು. ತಪ್ಪಿಸಿಕೊಳ್ಳಲು ಒದ್ದಾಡಿದ. ಒಂದು ಕಾಲು ಒಂದು ಕಣ್ಣಿಯಲ್ಲಿ ಸಿಕ್ಕಿತು, ಇನ್ನೊಂದು ಕಾಲು ಇನ್ನೊಂದರಲ್ಲಿ. ಬಾಲ ಎಲ್ಲಿ ಸಿಕ್ಕಿತು ಎಂದು ಅವನಿಗೇ ತಿಳಿಯಲಿಲ್ಲ. ಬಾಡಿದ ಹೂವು ಅವನ ಕೊರಳಿಗೆ ಬಿದ್ದಿತ್ತು.

ಸದ್ದು ಕೇಳಿ ಮೂತಪ್ಪ ಎದ್ದು ಬಂದ.

"ಮಾವ, ಈ ಕಂಬ ಸ್ವಲ್ಪ ಎತ್ತು," ಎಂದು ನರಳಿದ ನಾಜೂಕಣ್ಣ. "ಬೆನ್ನು ಮುರಿಯುತ್ತಿದೆ."

"ಹೇಗೆ ಎತ್ತಲಿ? ಪೂಜೆ ಕಂಬ. ಹನ್ನೊಂದು ದಿನ ಮುಟ್ಟುವಂತಿಲ್ಲ. ನೀನೇ ಹೇಳಿದ್ದೆ." ಮೂತಪ್ಪ ತಮಾಷೆ ಮಾಡುತ್ತಿರಲಿಲ್ಲ. ಚುಕ್ಕವ್ವನ ಕಡೆ ತಿರುಗಿದ. "ಇವತ್ತಿಗೆ ಎಷ್ಟನೆಯ ದಿನ?"

"ಹೊಸದಾಗಿ ಬಿದ್ದಿದೆ ಮಾವ," ಎಂದಳು ಚುಕ್ಕವ್ವ. "ಮೊದಲಿನಿಂದ ಎಣಿಸಬೇಕು."

ನಾಜೂಕಣ್ಣ ಮೂರು ದಿನ ಹಾಗೆಯೇ ಬಿದ್ದಿದ್ದ. ಕೊನೆಗೆ ತೊಗಲು ಕಿತ್ತುಕೊಂಡು, ಅರ್ಧ ಬಾಲ ಜಾಲರಿಗೆ ಬಿಟ್ಟು, ಕುಂಟುತ್ತ ಕಾಡು ದಾಟಿ ಹೋದ.

ಚುಕ್ಕವ್ವ ಹೆಗ್ಗಣಗಳನ್ನು ಕರೆಸಿದಳು. ಒಂದು ಮಾರು ಆಚೆ ಬಿರುಕು ಹುಡುಕಿಸಿ ಹನ್ನೆರಡನೆಯ ಕಂಬ ಇಳಿಸಿದಳು. ಒಂದೊಂದು ಚಕ್ಕೆಕಲ್ಲು ಜಡಿಯುವಾಗಲೂ ಬುಡದಲ್ಲೇ ನಿಂತಿದ್ದಳು. ಜಾಲರಿಯ ಕೆಳಗೆ ನಾಲ್ಕು ಕಡೆ ಮರಿ ನುಸುಳುವಷ್ಟು, ಬೆಕ್ಕು ನುಸುಳದಷ್ಟು ಸಂದು ಬಿಡಿಸಿದಳು.

ಎಲ್ಲ ಮುಗಿದ ಮೇಲೆ ಮೂತಪ್ಪ ಬಂದ. "ಇದಕ್ಕೆ ಪೂಜೆ?" ಎಂದು ಕೇಳಿದ.

"ಮೊದಲು ತಿಕ್ಕು ಮಾವ," ಎಂದಳು ಚುಕ್ಕವ್ವ. "ನಿಂತರೆ ನೋಡೋಣ."

ನೀತಿ: ಅನುಮಾನವಿದ್ದರೆ ಸಾಲದು, ಕೆಲಸ ಮಾಡುವವನ ಮುಖ ನೋಡುವುದನ್ನು ಬಿಟ್ಟು ಕೆಲಸದ ಬುಡ ನೋಡಬೇಕು. ಮುಟ್ಟಬೇಡ ಎಂದು ಹೇಳಿದ ಜಾಗವನ್ನೇ ಮೊದಲು ಮುಟ್ಟಿ ನೋಡಬೇಕು.