ರಾಜನ ಮೋಟಾರಿನ ಸಡಿಲ ತಿರುಪು

"ಕೇಳ್ರಪ್ಪೋ ಕೇಳಿ! ಹೊನ್ನಗಲ್ಲಿನ ದೊರೆ ಗೋಪಾಲರಸರ ಅಪ್ಪಣೆ! ದೊರೆಗಳ ಬೆಳ್ಳಿಬಣ್ಣದ ಮೋಟಾರನ್ನು ಯಾರೋ ಗುಟ್ಟಾಗಿ ಬಿಚ್ಚುತ್ತಿದ್ದಾರೆ. ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುತ್ತದೆ!"

ಡಂಗುರದ ಸದ್ದು ಅಕ್ಕಸಾಲಿಗರ ಕೇರಿಗೂ ಬಂತು. ಹಳೆಯ ಓಲೆ, ಮೂಗುತಿ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಮೌನೇಶ ತಲೆಯೆತ್ತಿ ಕೇಳಿ, ಮತ್ತೆ ಕೆಲಸಕ್ಕೆ ಬಗ್ಗಿದ. ಅರಮನೆಯ ಗೊಡವೆ ಅವನಿಗೆ ಯಾಕೆ?

ಮೊದಲು ಹೋದವನು ಕುದುರೆ ಲಾಯದ ರಂಗೋಜಿ. ಮೊದಲ ಒಗಟಿಗೆ ಅವನು ಡ್ರೈವರ್ ಪೀರಸಾಬನ ಹೆಸರು ಹೇಳಿದ. ರಾಜ ಪೀರಸಾಬನನ್ನು ಸೆರೆಗೆ ಹಾಕಿಸಿ, ತಾನೇ ಮೋಟಾರು ಓಡಿಸಿ ನೋಡಿದ. ಊರ ಬಾಗಿಲು ದಾಟುವಷ್ಟರಲ್ಲಿ ಎಡಗಡೆಯ ದೀಪ ಕಳಚಿ ಬಿತ್ತು. ರಂಗೋಜಿಯೂ ಸೆರೆಗೆ ಹೋದ. ಹಾಗಂತ ಪೀರಸಾಬ ಹೊರಗೆ ಬರಲಿಲ್ಲ. "ಇಬ್ಬರೂ ಒಳಗೊಳಗೇ ಸೇರಿಕೊಂಡಿರಬಹುದು" ಎಂದ ರಾಜ.

ಆಮೇಲೆ ಪಕ್ಕದ ಸೀಮೆಯ ಯುವರಾಜ ಬಂದು, ರಾಜನ ಭಾವಮೈದ ಅಪ್ಪಾಜಿರಾಯನ ಕಡೆ ಬೆರಳು ತೋರಿಸಿದ. ಅಪ್ಪಾಜಿರಾಯನನ್ನೂ ಕೂಡಿಹಾಕಿದ್ದಾಯಿತು. ಈ ಸಲ ಮೋಟಾರಿನ ಹಾರ್ನು ಉದುರಿತು. ಯುವರಾಜನ ಕೈಗೂ ಕೋಳ ಬಿತ್ತು. ಅರಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು ನಿಂತುಹೋಯಿತು. ಅಡುಗೆಯವರು ಕೂಡ ಒಬ್ಬರಿಗೊಬ್ಬರು ಬೆನ್ನು ತೋರದೆ ನಡೆಯುತ್ತಿದ್ದರು.

ತಂದೆ ಸತ್ತ ಮೇಲೆ ಮೌನೇಶನಿಗೆ ಅನ್ನ ಹಾಕಿ ಸಾಕಿದವನು ಪೀರಸಾಬ. ಅಮಾವಾಸ್ಯೆ ಹತ್ತಿರವಾಯಿತು. ಮೌನೇಶ ಅಂಗಡಿಗೆ ಬೀಗ ಹಾಕಿ ಅರಮನೆಗೆ ನಡೆದ.

"ನೀನು ಯಾರು ಕಳಿಸಿದವನೋ?" ರಾಜ ಕೇಳಿದ.

"ಯಾರೂ ಕಳಿಸಿಲ್ಲ, ಬುದ್ಧಿ. ಓಲೆ ರಿಪೇರಿ ಮಾಡ್ತೀನಿ."

"ಎಲ್ಲರೂ ಹೀಗೇ ಹೇಳ್ತಾರೆ. ಕೇಳು. ಬೆಳಿಗ್ಗೆ ನಾನೇ ಕೈಯಾರೆ ಬಿಗಿದ ತಿರುಪು, ತಿರುಗಿ ಬರುವಷ್ಟರಲ್ಲಿ ಸಡಿಲ. ಗಾಡಿಯಲ್ಲಿ ನಾನೊಬ್ಬನೇ. ಆದರೂ ನಾನು ಹೊರಟರೆ ಅವನೂ ಹೊರಡ್ತಾನೆ, ನಾನು ನಿಂತರೆ ಅವನು ಇಲ್ಲ. ಯಾರವನು?"

ಮೌನೇಶ ಇಂಜಿನು ಚಾಲೂ ಮಾಡಿಸಿದ. ಮೋಟಾರಿನ ಮೂತಿಯ ಮೇಲೆ ಅಂಗೈ ಇಟ್ಟ. ಕೈ ಜುಮ್ಮೆಂದು ಅದುರಿತು.

"ಇವನೇ ಬುದ್ಧಿ. ನಡುಕ. ಅತ್ತೆಯ ಓಲೆ ಕಳೆದರೆ ಸೊಸೆಯ ಪೆಟ್ಟಿಗೆ ಜಾಲಾಡ್ತಾರೆ. ಕದ್ದವರು ಯಾರೂ ಇರಲ್ಲ. ಅತ್ತೆ ದಿನವಿಡೀ ಎಲೆಅಡಿಕೆ ಜಗೀತಾ ಇರ್ತಾಳೆ, ದವಡೆ ಆಡೀ ಆಡೀ ತಿರುಪು ತಾನಾಗಿ ಕಳಚಿಕೊಳ್ಳುತ್ತೆ. ಎಷ್ಟು ಸೊಸೆಯಂದಿರು ನನ್ನ ಅಂಗಡಿಯಲ್ಲಿ ಕೂತು ಅತ್ತಿದ್ದಾರೋ!"

ರಾಜ ಕಣ್ಣು ಕಿರಿದು ಮಾಡಿದ. "ಕಳಚೋ ಬಗೆ ಇಷ್ಟು ಚೆನ್ನಾಗಿ ಬಲ್ಲವನು ಕೈಯಾರೆ ಬಿಚ್ಚೋದನ್ನೂ ಬಲ್ಲ." ಕಾವಲಿನವನಿಗೆ ಸನ್ನೆ ಮಾಡಿದ. ಈಟಿಯ ಮೊನೆ ಮೌನೇಶನ ಬೆನ್ನ ಹತ್ತಿರ ಬಂತು.

"ಎರಡನೆಯದು. ಬಲವಾಗಿ ಬಿಗಿದೆ, ಸಡಿಲವಾಯಿತು. ಇನ್ನೂ ಬಲವಾಗಿ ಬಿಗಿದೆ, ತಿರುಪೇ ಮುರಿಯಿತು. ಕಬ್ಬಿಣ ಸೋತ ಕಡೆ ಗೆಲ್ಲುವ ಬಡಕಲ ಯಾರು?"

"ಮೇಣ ಸವರಿದ ನೂಲೆಳೆ, ಬುದ್ಧಿ. ತಿರುಪಿನ ಸುರುಳಿಗೆ ಸುತ್ತಿ ಬಿಗಿದರೆ ಕಚ್ಚಿಕೊಳ್ಳುತ್ತೆ. ಬಿಸಿಯಾಗೋ ಕಡೆ ಮೇಣ ಕರಗುತ್ತೆ, ಅಲ್ಲಿಗೆ ಸಣ್ಣ ತಾಮ್ರದ ತಂತಿ. ಒಂದು ತಿರುಪನ್ನು ಇನ್ನೊಂದಕ್ಕೆ ಕಟ್ಟಬೇಕು. ಇದು ಬಿಚ್ಚಲು ಹೋದರೆ ಅದನ್ನು ಬಿಗೀಬೇಕು, ಹಾಗೆ."

ಹೇಳಿದಂತೆ ಮಾಡಿಯೂ ತೋರಿಸಿದ. ರಾಜ ಹೊಳೆದಂಡೆಯ ಕಲ್ಲುದಾರಿಯಲ್ಲಿ ಮೋಟಾರು ಓಡಿಸಿಕೊಂಡು ಬಂದ. ಒಂದು ಚೂರೂ ಉದುರಲಿಲ್ಲ. ಆದರೂ ಮುಖ ಅರಳಲಿಲ್ಲ.

"ಇವತ್ತು ಬೀಳಲಿಲ್ಲ, ನಾಳೆ? ತಿರುಪು ಸಡಿಲವಾದದ್ದನ್ನು, ಅದು ಬೀಳೋ ಮೊದಲೇ ನನಗೆ ಹೇಳುವ, ಲಂಚಕ್ಕೆ ಬಗ್ಗದ, ಸುಳ್ಳಾಡದ ಬಾಯಿ ಯಾವುದು? ಇದು ಮೂರನೆಯದು."

ಮೌನೇಶ ಬೇಗ ಒಣಗಿ ಬಿರುಸಾಗುವ ಅರಗಿನ ಎಣ್ಣೆಯಲ್ಲಿ ಕುಂಕುಮ ಕಲಸಿ, ಪ್ರತಿ ತಿರುಪಿನ ತಲೆಯಿಂದ ಪಕ್ಕದ ತಗಡಿಗೆ ಒಂದೊಂದು ಗೆರೆ ಎಳೆದ. "ಈ ಗೆರೆ, ಬುದ್ಧಿ. ತಿರುಪು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗುತ್ತೆ."

"ನೋಡೋಣ." ರಾಜ ಎಲ್ಲರನ್ನೂ ಹೊರಗೆ ಕಳಿಸಿ, ಮೋಟಾರಿನ ಕೊಟ್ಟಿಗೆಗೆ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಮಧ್ಯಾಹ್ನದ ಊಟವಾದ ಮೇಲೆ ಬೀಗ ತೆಗೆದರು. ಬಲಗಡೆಯ ದೀಪದ ತಿರುಪಿನ ಮೇಲೆ ಗೆರೆ ಎರಡು ತುಂಡಾಗಿತ್ತು.

"ಕಳ್ಳ ನಡುಕವೇ ಅಂದೆಯಲ್ಲೋ?" ರಾಜ ಗರ್ಜಿಸಿದ. ಈಟಿ ಬೆನ್ನಿಗೆ ಒತ್ತಿತು.

ಮೌನೇಶ ಇಂಜಿನು ಮುಟ್ಟಿ ನೋಡಿದ, ತಣ್ಣಗಿತ್ತು. ಮೋಟಾರು ನಿಂತಲ್ಲೇ ಇದೆ. ಹಾಗಾದರೆ ಇದು ಕೈಯ ಕೆಲಸ. ಯಾರ ಕೈ? ಅಷ್ಟರಲ್ಲಿ ಅವನ ಕಣ್ಣು ರಾಜನ ಹೆಬ್ಬೆರಳಿನ ಉಗುರಿನ ಮೇಲೆ ಬಿತ್ತು. ಹೇಳಿದರೆ ತಲೆ ಹೋಗುತ್ತದೆ. ಹೇಳದಿದ್ದರೆ ತನ್ನದರ ಜೊತೆ ಪೀರಸಾಬನದೂ ಹೋಗುತ್ತದೆ.

"ಬುದ್ಧಿ, ಗಾಡಿ ಓಡಿಲ್ಲ. ಇದನ್ನು ಮನುಷ್ಯರೇ ತಿರುಗಿಸಿದ್ದಾರೆ. ಅರಗಿನ ಕುಂಕುಮ ತೊಳೆದರೂ ಹೋಗಲ್ಲ. ಇಲ್ಲಿರೋರೆಲ್ಲ ಉಗುರು ತೋರಿಸಲಿ."

ಕಾವಲಿನವರು ತೋರಿಸಿದರು. ಮಂತ್ರಿ ತೋರಿಸಿದ. ಮೌನೇಶ ತನ್ನದನ್ನೂ ಚಾಚಿದ. ಅವನ ತೋರುಬೆರಳು ಕೆಂಪಾಗಿತ್ತು, ಗೆರೆ ಎಳೆದ ಬೆರಳು ಅದು. "ನಾನು ಹೊರಗೆ ಈಟಿಯ ಮುಂದೆ ಕೂತಿದ್ದೆ, ಇವರೇ ಸಾಕ್ಷಿ" ಎಂದು ಕಾವಲಿನವನ ಕಡೆ ನೋಡಿದ. ಆಮೇಲೆ ನೆಲ ನೋಡುತ್ತಾ, "ಇನ್ನೊಬ್ಬರು ಉಳಿದಿದ್ದಾರೆ" ಎಂದ.

ರಾಜ ಕೈ ಮುಂದೆ ಚಾಚಿದ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು.

"ಬೀಗ ಹಾಕೋ ಮೊದಲು ನಾನೇ ತಿರುಗಿಸಿದೆ. ನಿನ್ನ ಗೆರೆ ನನ್ನ ಮೇಲೂ ಚಾಡಿ ಹೇಳುತ್ತೋ ನೋಡಬೇಕಿತ್ತು. ನಿನ್ನನ್ನೂ ನಂಬಲಿಲ್ಲ ನಾನು."

"ನನ್ನನ್ನು ನಂಬಬೇಡಿ ಬುದ್ಧಿ. ಗೆರೆ ನೋಡಿ ಸಾಕು."

ರಾಜನ ಹೆಗಲು ಇಳಿಯಿತು. "ಮೂರೂ ಬಿಡಿಸಿದೆ. ಏನು ಬೇಕೋ ಬೇಡು."

"ಸೆರೆಮನೆ ಬಾಗಿಲು ತೆಗೆಸಿ."

ನಾಲ್ವರೂ ಹೊರಗೆ ಬಂದರು. ಮೋಟಾರಿನ ಉಸ್ತುವಾರಿಯನ್ನೂ, ಕೊಟ್ಟಿಗೆಯ ಪಕ್ಕದ ಹೆಂಚಿನ ಮನೆಯನ್ನೂ ಮೌನೇಶ ಕೇಳದಿದ್ದರೂ ರಾಜ ಅವನಿಗೆ ಕೊಟ್ಟ. ಅಪ್ಪಾಜಿರಾಯ ರಾಜನ ಮುಖ ನೋಡದೆ ನಡೆದುಬಿಟ್ಟ. ಪೀರಸಾಬ ಮಾತ್ರ ಮೌನೇಶನಿಂದ ಗೆರೆಯ ಸಂಗತಿಯೆಲ್ಲ ಕೇಳಿಕೊಂಡು, ಬಿಸಿಲಿಗೆ ಕಣ್ಣುಜ್ಜಿಕೊಳ್ಳುತ್ತಾ ಮೋಟಾರಿನ ಹತ್ತಿರ ಬಂದು ನಿಂತ.

"ಹತ್ತು ಪೀರಸಾಬ, ಒಂದು ಸುತ್ತು ಹೋಗಿಬರೋಣ" ಎಂದ ರಾಜ, ಮೆತ್ತಗೆ.

ಪೀರಸಾಬ ಹತ್ತಲಿಲ್ಲ. "ಗೆರೆ ಎಲ್ಲ ನೀವೇ ನೋಡಿ ಹೇಳಿ, ಬುದ್ಧಿ. ಆಮೇಲೆ ಕೂರ್ತೀನಿ."

ರಾಜ ಪೇಟ ತೆಗೆದು ಮೌನೇಶನ ಕೈಗೆ ಕೊಟ್ಟು, ಮುಂದಿನ ಚಕ್ರದ ಹತ್ತಿರ ಮಂಡಿಯೂರಿದ.